ಗಾಜಿನ ತಟ್ಟೆಯಲ್ಲಿ ಐದು ದಿನ

ಮಲ್ಲಂದೂರಿನ ನಮ್ಮ ತೋಟದಲ್ಲಿ ಕಾಫಿ ಸಸಿಮಡಿಯ ಯಜಮಾನಿಕೆ ನನ್ನ ಅಕ್ಕನದು. ಮೊಳೆತ ಬೀಜವನ್ನೇ ತಲೆಯ ಮೇಲೆ ಟೋಪಿಯಂತೆ ಹೊತ್ತು ನಿಲ್ಲುವ ಎಳೆಯ ಸಸಿಯನ್ನು ಮಡಿಯಿಂದ ಎತ್ತಿ ಚೀಲದಲ್ಲಿ ನೆಡುವ ಕೆಲಸವನ್ನು ಆಕೆ ಎಪ್ಪತ್ತು ದಾಟಿದ ಈ ವಯಸ್ಸಿನಲ್ಲಿಯೂ ಬೇರೆಯವರ ಕೈಗೆ ಬಿಡುವವಳಲ್ಲ. ಚೀಲದ ಮಣ್ಣಿಗೆ ಆಕೆಯ ಲೆಕ್ಕ ಆರು, ಎರಡು, ಒಂದು: ಆರು ಬುಟ್ಟಿ ಕಾಡುಮಣ್ಣು, ಎರಡು ಬುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಬುಟ್ಟಿ ಮರಳು. ಒಂದು ವರ್ಷ ಆಕೆ ಊರಿನಲ್ಲಿಲ್ಲದಾಗ, ಸಸಿಗಳ ಮೇಲಣ ಮಮತೆಯಿಂದಲೇ ಎನ್ನಿ, ನಾನು ಗೊಬ್ಬರವನ್ನು ಇಮ್ಮಡಿ ಮಾಡಿ, ಅದರ ಮೇಲೆ ಪೇಟೆಯಿಂದ ತಂದ ರಾಸಾಯನಿಕ ಗೊಬ್ಬರವನ್ನೂ ಒಂದೊಂದು ಚಿಟಿಕೆ ಉದುರಿಸಿದೆ. ತಿಂಗಳು ಕಳೆಯುವುದರೊಳಗೆ ಎಲೆಯ ಅಂಚುಗಳು ಸುಟ್ಟು ಕಂದಾಗಿ ಮುಕ್ಕಾಲುಪಾಲು ಸಸಿಗಳು ಕುಸಿದವು. ಅಕ್ಕ ಬಂದು ನೋಡಿ ಬೈಯಲಿಲ್ಲ. “ಹಸುಗೂಸಿಗೆ ಹೋಳಿಗೆ ತಿನ್ನಿಸಿದ್ದೀಯ” ಎಂದಷ್ಟೇ ಹೇಳಿದಳು.

ಈ ಪ್ರಸಂಗ ಮತ್ತೆ ನೆನಪಾಗುವುದಕ್ಕೆ ಕಾರಣ ಸಸಿಮಡಿಯಲ್ಲ. ಕೆಲವು ವರ್ಷಗಳ ಹಿಂದೆ ಅಕ್ಕನ ಸೊಸೆಗೆ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ, ಪ್ರನಾಳ ಶಿಶು ಎಂದು ಪತ್ರಿಕೆಗಳು ಕರೆಯುತ್ತವಲ್ಲ, ಆ ಬಗೆಯ ಚಿಕಿತ್ಸೆ ನಡೆಯಿತು. ಅಂಡವನ್ನೂ ವೀರ್ಯಾಣುವನ್ನೂ ದೇಹದ ಹೊರಗೆ ಕೂಡಿಸಿ, ಮೊಳೆತ ಭ್ರೂಣವನ್ನು ಐದು ದಿನ ಗಾಜಿನಂಥ ತಟ್ಟೆಯಲ್ಲಿ ಬೆಳೆಸಿ, ಅನಂತರ ಗರ್ಭಕ್ಕೆ ಸೇರಿಸುವುದು ಅದರ ಕ್ರಮ. ಮೊದಲ ಸಲ ನಾಲ್ಕು ಭ್ರೂಣಗಳಲ್ಲಿ ಮೂರು, ಮೂರನೆಯ ದಿನದ ಹೊತ್ತಿಗೇ ನಿಂತುಹೋದವು. ನಾಲ್ಕನೆಯದನ್ನು ಗರ್ಭಕ್ಕೆ ಸೇರಿಸಿದರು; ಅದು ನಿಲ್ಲಲಿಲ್ಲ. ನಮ್ಮ ಮಾತಿನಲ್ಲಿ ‘ನಿಲ್ಲುವುದು’ ಎಂಬ ಒಂದೇ ಪದ ಎರಡು ಕಡೆಗೂ ತಿರುಗುವುದನ್ನು ಆ ದಿನಗಳಲ್ಲಿ ಮನೆಯ ಜನರೆಲ್ಲ ಕಲಿತೆವು: ಬೆಳವಣಿಗೆ ನಿಲ್ಲಬಾರದು, ಬಸಿರು ನಿಲ್ಲಬೇಕು.

ಒಂದು ಸಂಜೆ ಅಕ್ಕ ಜಗಲಿಯ ಮೇಲೆ ಕುಳಿತು ಕೇಳಿದಳು: “ಅಲ್ಲ ಮಾರಾಯ, ಐದು ದಿನ ಅದು ತಟ್ಟೇಲಿ ಇತ್ತಲ್ಲ, ಆಗ ಅದಕ್ಕೆ ಹೊಟ್ಟೆಗೇನು?”

ಮೂವತ್ತು ವರ್ಷ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಬೋಧಿಸಿದವನು ನಾನು. ಕಪ್ಪೆಯ ಭ್ರೂಣದ ಬೆಳವಣಿಗೆಯನ್ನು ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಿಂದ ಎಷ್ಟು ಸಲ ಬಿಡಿಸಿದ್ದೆನೋ ಲೆಕ್ಕವಿಲ್ಲ. ಆದರೆ ಕಪ್ಪೆಯ ತತ್ತಿಗೆ ಬುತ್ತಿ ಅದರೊಳಗೇ ಇರುತ್ತದೆ. ಕೆರೆಯ ನೀರು ಸಿಕ್ಕಿದರೆ ಸಾಕು. ಸಸ್ತನಿಯ ಅಂಡ ಹಾಗಲ್ಲ. ಮನುಷ್ಯನ ಅಂಡ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟಿದ್ದು, ತಾಯಿಯ ಅಂಡನಾಳದ ರಸವನ್ನು ನಂಬಿ ಹೊರಟ ಬಡ ಯಾತ್ರಿಕ. ಆ ರಸವನ್ನು ಬಿಟ್ಟು ಬಂದ ಭ್ರೂಣಕ್ಕೆ ಹೊಟ್ಟೆಗೇನೆಂಬ ಅಕ್ಕನ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಪ್ರಶ್ನೆ ಅಷ್ಟು ಸುಲಭವಾದುದಲ್ಲವೆಂದೂ, ಜಗತ್ತಿನ ಬುದ್ಧಿವಂತರು ಅದರೊಡನೆ ಮುಕ್ಕಾಲು ಶತಮಾನ ಹೆಣಗಿದ್ದಾರೆಂದೂ ಓದಿದ ಮೇಲೆ ತಿಳಿಯಿತು.

ಮೊದಮೊದಲಿನವರು ನನ್ನಂತೆಯೇ ಇದ್ದರು, ಮಮತೆಯುಳ್ಳವರು. ಏನು ಬೇಕೋ ತಿಳಿಯದಾದಾಗ ಎಲ್ಲವನ್ನೂ ಕೊಟ್ಟುಬಿಡುವುದು ಮಮತೆಯ ರೀತಿ. ರಕ್ತದ ಸೀರಮ್ಮು, ಅಂಗಾಂಶಗಳ ಸಾರ ಮೊದಲಾದವುಗಳಲ್ಲಿ ಭ್ರೂಣವನ್ನು ಮುಳುಗಿಸಿ ನೋಡಿದರು. ೧೯೪೯ರಲ್ಲಿ ಕೇಂಬ್ರಿಜ್ಜಿನ ಹ್ಯಾಮಂಡ್ ಎಂಬಾತ ಉಪ್ಪುನೀರಿಗೆ ಕೋಳಿಮೊಟ್ಟೆಯ ಬಿಳಿಯನ್ನೂ ಭಂಡಾರವನ್ನೂ ಕಲಸಿ, ಎಂಟು ಕೋಶಗಳ ಇಲಿಭ್ರೂಣವನ್ನು ಬ್ಲಾಸ್ಟೊಸಿಸ್ಟ್ ಎಂಬ ನೀರುಗುಳ್ಳೆಯ ಅವಸ್ಥೆಯವರೆಗೆ ತಂದನು. ಗೆದ್ದದ್ದೇನೋ ನಿಜ, ಆದರೆ ಮೊಟ್ಟೆಯಲ್ಲಿರುವ ನೂರು ವಸ್ತುಗಳಲ್ಲಿ ಯಾವುದು ಗೆಲ್ಲಿಸಿತೆಂದು ಹೇಳುವವರಾರು? ೧೯೫೬ರಲ್ಲಿ ಆಸ್ಟ್ರೇಲಿಯದ ವಿಟನ್ ಆ ಕಲಸುಮೇಲೋಗರವನ್ನು ಬದಿಗಿಟ್ಟನು. ಕೆಲವು ಲವಣಗಳು, ಬೈಕಾರ್ಬೊನೇಟ್, ಗ್ಲೂಕೋಸ್, ದನದ ರಕ್ತದಿಂದ ತೆಗೆದ ಆಲ್ಬುಮಿನ್, ಇಷ್ಟೇ. ಪ್ರತಿಯೊಂದರ ತೂಕವನ್ನೂ ಬರೆದಿಡಬಹುದಾದ ಮೊದಲ ಪೋಷಕ ದ್ರವ ಇದೆನ್ನಬಹುದು. ಮರುವರ್ಷ ಆತನೇ ಲ್ಯಾಕ್ಟೇಟನ್ನು ಸೇರಿಸಿ, ಎರಡೇ ಕೋಶಗಳ ಭ್ರೂಣವನ್ನೂ ಬೆಳೆಸಿದನು. ೧೯೫೮ರಲ್ಲಿ ಆ್ಯನ್ ಮೆಕ್ಲಾರೆನ್ ಮತ್ತು ಜಾನ್ ಬಿಗರ್ಸ್ ಹೀಗೆ ತಟ್ಟೆಯಲ್ಲಿ ಬೆಳೆದ ಭ್ರೂಣಗಳನ್ನು ಸಾಕುತಾಯಂದಿರ ಗರ್ಭಕ್ಕೆ ಸೇರಿಸಿ, ಜೀವಂತ ಮರಿಗಳನ್ನು ಪಡೆದರು.

ಅಮೆರಿಕದ ಬ್ರಿನ್‌ಸ್ಟರ್ ೧೯೬೩ರಲ್ಲಿ ಎಣ್ಣೆಯ ಕೆಳಗೆ ದ್ರವದ ಹನಿಯನ್ನಿಟ್ಟು, ಆ ಹನಿಯೊಳಗೆ ಭ್ರೂಣವನ್ನು ಸಾಕುವ ಉಪಾಯವನ್ನು ಕಂಡುಕೊಂಡನು. ಹನಿ ಒಣಗುವುದಿಲ್ಲ, ಒಂದೇ ತಟ್ಟೆಯಲ್ಲಿ ಹತ್ತಾರು ಮಿಶ್ರಣಗಳನ್ನು ಪರೀಕ್ಷಿಸಬಹುದು. ಇಂಥ ಪ್ರಯೋಗಗಳಿಂದ ಒಂದು ವಿಚಿತ್ರ ಹೊರಬಿತ್ತು. ದೇಹದ ಬಹುತೇಕ ಕೋಶಗಳಿಗೆ ಸಕ್ಕರೆಯೇ ಅನ್ನ. ಆದರೆ ಮೊದಲೆರಡು ದಿನಗಳ ಭ್ರೂಣಕ್ಕೆ ಗ್ಲೂಕೋಸಿನ ಮೇಲೆ ಆಸೆಯಿಲ್ಲ. ಸಕ್ಕರೆ ಅರೆಜೀರ್ಣವಾದಾಗ ಹುಟ್ಟುವ ಪೈರುವೇಟ್ ಎಂಬ ವಸ್ತು ಅದಕ್ಕೆ ಬೇಕು. ಅನ್ನ ನುಂಗಲಾರದ ಕೂಸಿಗೆ ಗಂಜಿತಿಳಿ ಕೊಟ್ಟಂತೆ. ಎಂಟು ಕೋಶಗಳ ಹಂತವನ್ನು ದಾಟಿ ಬ್ಲಾಸ್ಟೊಸಿಸ್ಟ್ ಆಗುವ ಹೊತ್ತಿಗೆ ಮಾತ್ರ ಅದು ಸಕ್ಕರೆಯತ್ತ ಮುಖಮಾಡುತ್ತದೆ.

ಇಷ್ಟಾದರೂ ಇಲಿಗೆ ಒಗ್ಗಿದುದು ಮತ್ತೊಂದಕ್ಕೆ ಒಗ್ಗಲಿಲ್ಲ. ಇಲ್ಲಿಂದ ಮುಂದಿನ ಕಥೆಯ ನಾಯಕ ಹ್ಯಾಮ್‌ಸ್ಟರ್ ಎಂಬ ಒಂದು ಹೊಂಬಣ್ಣದ ಪುಟ್ಟ ಪ್ರಾಣಿ. ಇಲಿಯ ದೂರದ ನೆಂಟ. ಗಲ್ಲದ ಚೀಲದಲ್ಲಿ ಕಾಳು ತುಂಬಿಕೊಂಡು ಓಡುವುದು. ಹದಿನಾರೇ ದಿನಕ್ಕೆ ಮರಿ ಹಾಕುವುದು. ೧೯೩೦ರಲ್ಲಿ ಸಿರಿಯಾದ ಅಲೆಪ್ಪೊ ನಗರದ ಬಳಿ ಬಿಲವೊಂದನ್ನು ಅಗೆದು ಹಿಡಿದ ಒಂದೇ ಕುಟುಂಬದಿಂದ ಪ್ರಯೋಗಶಾಲೆಗಳ ಹ್ಯಾಮ್‌ಸ್ಟರ್ ಸಂತತಿ ಹಬ್ಬಿತು. ೧೯೬೩ರಲ್ಲಿ ಯಾನಗಿಮಾಚಿ ಮತ್ತು ಚಾಂಗ್ ಎಂಬ ವಿದ್ವಾಂಸರು ಇದರ ಅಂಡವನ್ನು ದೇಹದ ಹೊರಗೆ ಫಲಿತಗೊಳಿಸಿದರು. ಕೆಲ ವರ್ಷಗಳಲ್ಲಿ ಕೇಂಬ್ರಿಜ್ಜಿನಲ್ಲಿ ಬ್ಯಾರಿ ಬ್ಯಾವಿಸ್ಟರ್ ಎಂಬ ಸಂಶೋಧನ ವಿದ್ಯಾರ್ಥಿ ಹ್ಯಾಮ್‌ಸ್ಟರ್ ಅಂಡಕ್ಕಾಗಿ ಕ್ಷಾರಗುಣವನ್ನು ತುಸು ಏರಿಸಿದ ಒಂದು ದ್ರವವನ್ನು ಸಿದ್ಧಪಡಿಸಿದನು. ಅದೇ ದ್ರವವನ್ನು ರಾಬರ್ಟ್ ಎಡ್ವರ್ಡ್ಸ್ ಮನುಷ್ಯನ ಅಂಡಕ್ಕೆ ಬಳಸಿ ನೋಡಿದನು. ೧೯೬೯ರಲ್ಲಿ ಎಡ್ವರ್ಡ್ಸ್, ಬ್ಯಾವಿಸ್ಟರ್, ಸ್ಟೆಪ್ಟೊ ಮೂವರೂ ಕೂಡಿ ಪ್ರಕಟಿಸಿದ ಆ ಫಲಿತಾಂಶದಿಂದ ೧೯೭೮ರ ಜುಲೈ ೨೫ರಂದು ಇಂಗ್ಲೆಂಡಿನಲ್ಲಿ ಹುಟ್ಟಿದ ಲೂಯಿಸ್ ಬ್ರೌನಳವರೆಗೆ ನೇರವಾದ ಹಾದಿಯಿದೆ. ಅದೇ ವರ್ಷದ ಅಕ್ಟೋಬರಿನಲ್ಲಿ ಕಲ್ಕತ್ತೆಯಲ್ಲಿ ಡಾಕ್ಟರ್ ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ ಒಂದು ಹೆಣ್ಣು ಕೂಸು ಹುಟ್ಟಿತು. ಆ ಮನುಷ್ಯನನ್ನು ಅಂದಿನ ಜನ ನಂಬದೆ ಹೋದ ಕಥೆಯನ್ನು ಬೇರೆಯಾಗಿಯೇ ಹೇಳಬೇಕು.

ವಿಚಿತ್ರವೆಂದರೆ, ಮನುಷ್ಯರಿಗೆ ದಾರಿ ತೋರಿಸಿದ ಹ್ಯಾಮ್‌ಸ್ಟರ್ ತಾನು ಮಾತ್ರ ಎರಡು ಕೋಶಗಳ ಹಂತದಲ್ಲಿ ನಿಂತುಬಿಡುತ್ತಿತ್ತು. ಫಲಿತವಾಗುವುದು, ಒಂದು ಎರಡಾಗುವುದು, ಅಲ್ಲಿಗೆ ಮುಗಿಯಿತು. ಇಪ್ಪತ್ತೈದು ವರ್ಷ ಯಾರು ಏನೇನು ಬೆರೆಸಿದರೂ ಅದು ಮುಂದೆ ಸಾಗಲಿಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಿದ್ದ ಬ್ಯಾವಿಸ್ಟರ್, ಶೀನಿ ಎಂಬ ಸಹೋದ್ಯೋಗಿಯೊಡನೆ ೧೯೮೮ರಲ್ಲಿ ಆ ಬೀಗವನ್ನು ತೆರೆದನು. ಬೀಗದ ಕೈ ಹೊಸದೊಂದು ಪದಾರ್ಥವಲ್ಲ. ದ್ರವದಿಂದ ಎರಡು ಪದಾರ್ಥಗಳನ್ನು ತೆಗೆದುಹಾಕಿದರು: ಗ್ಲೂಕೋಸ್ ಮತ್ತು ಫಾಸ್ಫೇಟ್. ಪೋಷಣೆಗೆಂದು ಮೂವತ್ತು ವರ್ಷಗಳಿಂದ ಭಕ್ತಿಯಿಂದ ಹಾಕುತ್ತ ಬಂದವುಗಳೇ ಅವು.

ನಮ್ಮ ಬೆಂಗಳೂರಿಗೆ ಸಂಬಂಧಿಸಿದ ಅಧ್ಯಾಯ ಇಲ್ಲಿ ತೆರೆಯುತ್ತದೆ. ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಪೊಲಾನಿ ಬಿ. ಶೇಷಗಿರಿಯವರು ಆಗ ಬ್ಯಾವಿಸ್ಟರ್‌ನ ಪ್ರಯೋಗಶಾಲೆಯಲ್ಲಿದ್ದರು. ಅವರೆತ್ತಿಕೊಂಡ ಪ್ರಶ್ನೆ, ಎರಡರಲ್ಲಿ ಅಪರಾಧಿ ಯಾರು ಎಂಬುದು. ೧೯೮೯ರಲ್ಲಿ ಪ್ರಕಟವಾದ ಉತ್ತರ ಸೊಗಸಾಗಿದೆ. ಎಂಟು ಕೋಶಗಳ ಹ್ಯಾಮ್‌ಸ್ಟರ್ ಭ್ರೂಣಕ್ಕೆ ಗ್ಲೂಕೋಸ್ ಮಾರಕವಾಗಬೇಕಾದರೆ ಜೊತೆಯಲ್ಲಿ ಫಾಸ್ಫೇಟ್ ಇರಲೇಬೇಕು. ಫಾಸ್ಫೇಟ್ ಇಲ್ಲದೆಡೆ ಗ್ಲೂಕೋಸಿನ ಆಟ ನಡೆಯದು. ೧೯೯೧ರಲ್ಲಿ ಕಾರಣದ ಎಳೆಯೂ ಸಿಕ್ಕಿತು. ಎರಡೂ ಕೂಡಿದಾಗ ಭ್ರೂಣದ ಉಸಿರಾಟವೇ ಕುಗ್ಗುತ್ತಿತ್ತು.

ಇದನ್ನು ಅಕ್ಕನಿಗೆ ನಾನು ಬಚ್ಚಲೊಲೆಯ ಮೂಲಕ ವಿವರಿಸಬೇಕಾಯಿತು. ಕೋಶದೊಳಗೆ ಬೆಂಕಿ ಎರಡು ಬಗೆ. ಮೈಟೊಕಾಂಡ್ರಿಯ ಎಂಬ ಕಣಗಳಲ್ಲಿ ಆಮ್ಲಜನಕವನ್ನು ಬಳಸಿ, ಗಟ್ಟಿ ಕೊರಡಿನ ಕೆಂಡದಂತೆ ನಿಧಾನವಾಗಿ, ಹೆಚ್ಚು ಶಾಖ ಕೊಟ್ಟು ಉರಿಯುವುದು ಒಂದು. ಸಕ್ಕರೆಯನ್ನು ಅರೆಬರೆ ಮುರಿದು, ದರಗಿನಂತೆ ಭಗ್ಗನೆ ಎದ್ದು ಇಳಿಯುವುದು ಇನ್ನೊಂದು. ಎಳೆಭ್ರೂಣ ಬದುಕುವುದು ಕೆಂಡದ ಮೇಲೆ. ಗ್ಲೂಕೋಸನ್ನೂ ಫಾಸ್ಫೇಟನ್ನೂ ಒಟ್ಟಿಗೆ ಸುರಿದರೆ ದರಗು ತುರುಕಿದಂತಾಗಿ, ಉರಿ ಕಾಣುತ್ತದೆ, ಕೆಂಡ ಆರುತ್ತದೆ. ಕ್ಯಾನ್ಸರ್ ಗಡ್ಡೆಗಳ ಕೋಶಗಳಲ್ಲಿ ಇಂಥದೇ ನಡತೆಯನ್ನು ೧೯೨೯ರಲ್ಲಿ ಕ್ರಾಬ್‌ಟ್ರೀ ಎಂಬಾತ ಗುರುತಿಸಿದ್ದನು. ಹ್ಯಾಮ್‌ಸ್ಟರ್ ಭ್ರೂಣದಲ್ಲಿ ಕಂಡುದನ್ನೂ ಆತನ ಹೆಸರಿನಿಂದಲೇ ಕರೆದರು. ಅಕ್ಕ ಕೇಳಿ, “ಅವತ್ತು ನೀನು ಸಸಿಗೆ ಮಾಡಿದ್ದೂ ಅದೇ” ಎಂದಳು. ಶಾಸ್ತ್ರದ ದೃಷ್ಟಿಯಿಂದ ಎರಡೂ ಒಂದೇ ಅಲ್ಲ. ನಾನು ವಾದಿಸಲು ಹೋಗಲಿಲ್ಲ.

ಬೆಂಗಳೂರಿನಲ್ಲಿ ಶೇಷಗಿರಿಯವರೂ ಅವರ ವಿದ್ಯಾರ್ಥಿಗಳೂ ಹ್ಯಾಮ್‌ಸ್ಟರನ್ನು ಬಿಡಲಿಲ್ಲ. ಸಂಖ್ಯೆಗಳಿಂದ ಕರೆಯಲ್ಪಡುವ ಹ್ಯಾಮ್‌ಸ್ಟರ್ ದ್ರವಗಳ ಸಾಲಿನಲ್ಲಿ ಎರಡನೆಯದನ್ನು ತಿದ್ದಿ, ಎಂಟು ಕೋಶಗಳ ಭ್ರೂಣವು ತನ್ನ ಹೊರಪೊರೆಯನ್ನು ಬಿಟ್ಟು ಹೊರಬಂದು ತಟ್ಟೆಯ ತಳಕ್ಕೆ ಅಂಟಿಕೊಳ್ಳುವವರೆಗೆ ಬೆಳೆಸಿದ ವರದಿಯನ್ನು ಅವರು ೧೯೯೮ರಲ್ಲಿ ಪ್ರಕಟಿಸಿದರು. ಗರ್ಭಕ್ಕೆ ಅಂಟುವ ಮುನ್ನ ಭ್ರೂಣ ಈ ಪೊರೆಯಿಂದ ಬಿಡುಗಡೆ ಹೊಂದಲೇಬೇಕು. ಮರಿ ಮೊಟ್ಟೆಯೊಡೆದು ಬರುವುದಕ್ಕೆ ಇದನ್ನು ಹೋಲಿಸುವುದುಂಟು. ಇಲಿಯ ಭ್ರೂಣ ಉಬ್ಬಿ ಉಬ್ಬಿ ಪೊರೆಯನ್ನು ಬಿರಿಸಿದರೆ, ಹ್ಯಾಮ್‌ಸ್ಟರಿನದು ಕುಗ್ಗಿಕೊಂಡು, ಸಣ್ಣ ಚಾಚುಗಳನ್ನು ಹೊರಡಿಸಿ, ಪೊರೆಯನ್ನು ಒಂದು ಕಡೆ ಕರಗಿಸಿಕೊಂಡು ಹೊರಬರುವುದು. ಕರಗಿಸುವ ಕಿಣ್ವಗಳು ಕ್ಯಾಥೆಪ್ಸಿನ್ ಎಂಬ ವರ್ಗದವೆಂದು ೨೦೦೮ರಲ್ಲಿ ಅದೇ ಗುಂಪು ತೋರಿಸಿತು. ಅದಕ್ಕೂ ಮೊದಲು, ೨೦೦೦ದಲ್ಲಿ, ಬೆಳವಣಿಗೆಯನ್ನು ಪ್ರಚೋದಿಸುವ ಒಂದು ಪ್ರೋಟೀನನ್ನು ದ್ರವಕ್ಕೆ ಸೇರಿಸಿದರೆ ಈ ಬಿಡುಗಡೆ ಸುಧಾರಿಸುವುದೆಂದೂ ಕಂಡುಕೊಂಡಿದ್ದರು. ತೆಗೆಯಬೇಕಾದುದನ್ನು ತೆಗೆದ ಮೇಲೆ ಸೇರಿಸಬೇಕಾದುದು ಕಾಣತೊಡಗುತ್ತದೆ. ಅಮೆರಿಕದಲ್ಲಿ ಬ್ಯಾವಿಸ್ಟರ್ ೧೯೯೨ರಲ್ಲಿ ಹೈಪೊಟಾರಿನ್ ಎಂಬ ವಸ್ತುವನ್ನು ಸೇರಿಸಿ ಒಂದೇ ಕೋಶದಿಂದ ಭ್ರೂಣವನ್ನು ಮುಂದಕ್ಕೆ ನಡೆಸಿದುದೂ, ಪ್ರಯೋಗಶಾಲೆಯಲ್ಲಿ ಫಲಿತವಾದ ಹ್ಯಾಮ್‌ಸ್ಟರ್ ಮರಿಗಳನ್ನು ಪಡೆದುದೂ ಈ ಜಾಡಿನವೇ.

ಹಾಗಾದರೆ ಗ್ಲೂಕೋಸ್ ವಿಷವೇ? ಆತುರಪಡುವವರಿಗೆ ಹಾಗೆ ತೋರಬಹುದು. ಆದರೆ ತಾಯಿಯ ಅಂಡನಾಳದ ರಸದಲ್ಲಿಯೂ ಗ್ಲೂಕೋಸ್ ಇದೆ! ತಾಯಿ ತನ್ನ ಕೂಸಿಗೆ ವಿಷವುಣಿಸುವಳೇ? ಗಂಟು ಬಿಡಿಸಿದವರು ಲಾವಿಟ್ಸ್ ಮತ್ತು ಮೇಲೆ ಹೇಳಿದ ಬಿಗರ್ಸ್. ಅದುವರೆಗೆ ಎಲ್ಲರೂ ಒಂದು ವಸ್ತುವನ್ನು ಏರಿಸಿ ಇಳಿಸಿ, ಉಳಿದುವನ್ನು ಇದ್ದಂತೆಯೇ ಬಿಡುತ್ತಿದ್ದರು. ಸಾರಿನ ರುಚಿ ಹಾಗೆ ಸಿಕ್ಕುವುದಲ್ಲ. ಹುಳಿ ಹೆಚ್ಚಾದರೆ ಉಪ್ಪಿನ ಹದವೂ ಬೇರೆಯಾಗುತ್ತದೆ. ಇವರು ೧೯೯೦ರ ಸುಮಾರಿನಲ್ಲಿ ಗಣಕಯಂತ್ರದ ನೆರವಿನಿಂದ ಹತ್ತು ವಸ್ತುಗಳನ್ನೂ ಏಕಕಾಲದಲ್ಲಿ ಬದಲಿಸುತ್ತ, ಪ್ರತಿ ಸುತ್ತಿನಲ್ಲಿ ಎಲ್ಲಕ್ಕಿಂತ ಕೆಟ್ಟ ಮಿಶ್ರಣವನ್ನು ಬಿಟ್ಟು ಅದಕ್ಕೆ ಎದುರು ದಿಕ್ಕಿನ ಮಿಶ್ರಣವನ್ನು ಹಿಡಿಯುತ್ತ ಸಾಗಿದರು. ಹೀಗೆ ದೊರೆತು, ಆಮೇಲೆ ಪೊಟ್ಯಾಸಿಯಮ್ಮಿನಲ್ಲಿ ತಿದ್ದುಪಡಿ ಹೊಂದಿದ ಕೆ.ಎಸ್.ಒ.ಎಂ. ಎಂಬ ದ್ರವದಲ್ಲಿ ಗ್ಲೂಕೋಸ್ ಇದೆ; ಆದರೆ ವಿಟನ್ ಹಾಕುತ್ತಿದ್ದುದರ ಇಪ್ಪತ್ತೈದನೆಯ ಒಂದು ಪಾಲಿಗಿಂತ ಕಡಮೆ. ಉಪ್ಪೂ ಇಳಿಯಿತು. ಉಳಿದೆಲ್ಲ ಹದವಾಗಿದ್ದರೆ ಗ್ಲೂಕೋಸ್ ಹೆಚ್ಚಿದರೂ ಇಲಿಭ್ರೂಣ ತಾಳಿಕೊಳ್ಳುವುದೆಂದು ೨೦೦೧ರಲ್ಲಿ ಬಿಗರ್ಸ್ ತೋರಿಸಿದನು. ತಪ್ಪು ಒಂದು ಪದಾರ್ಥದ್ದಲ್ಲ, ಪಾಕದ್ದು. ಈ ನಡುವೆ ೧೯೯೫ರಲ್ಲಿಯೇ ಕ್ವಿನ್ ಎಂಬಾತ ಗ್ಲೂಕೋಸ್, ಫಾಸ್ಫೇಟ್ ಎರಡನ್ನೂ ತೆಗೆದ ದ್ರವವನ್ನು ಮನುಷ್ಯಭ್ರೂಣಕ್ಕೆ ಬಳಸಿ ಒಳ್ಳೆಯ ಫಲ ಕಂಡಿದ್ದನು. ಬೆಂಗಳೂರಿನ ಆಸ್ಪತ್ರೆಯ ತಟ್ಟೆಯಲ್ಲಿದ್ದ ಹನಿಗೂ ಅಲೆಪ್ಪೊದ ಬಿಲಕ್ಕೂ ಇರುವ ನಂಟು ಇಷ್ಟು.

ಇಲ್ಲಿಯವರೆಗಿನ ಅಳತೆಗೋಲು ಒಂದೇ: ಭ್ರೂಣ ಬೆಳೆಯಿತೋ ಇಲ್ಲವೋ. ಆದರೆ ಬೆಳೆದರೆ ಸಾಕೇ? ನಮ್ಮ ಮನೆಯವರಿಗೆ ಆಗ ಸಾಕೆನಿಸಿತ್ತು. ಮನುಷ್ಯರ ಎಳೆಭ್ರೂಣಗಳಲ್ಲಿ ಅನೇಕವು ವರ್ಣತಂತುಗಳ ದೋಷದಿಂದಲೇ ನಿಂತುಹೋಗುತ್ತವೆ; ಮೂರು ನಿಂತುವೆಂದು ದ್ರವವನ್ನೇ ದೂರುವುದು ನ್ಯಾಯವಲ್ಲವೆಂದು ನಾನು ಅಕ್ಕನ ಮಗನಿಗೆ ಹೇಳಿದ್ದುಂಟು. ಅವನಿಗೆ ಅದರಿಂದ ಸಮಾಧಾನವಾಯಿತೆಂದು ನನಗನ್ನಿಸುವುದಿಲ್ಲ.

೧೯೯೦ರ ದಶಕದಲ್ಲಿ ಕುರಿಗಳು ಬೇರೆಯೇ ಎಚ್ಚರಿಕೆ ಕೊಟ್ಟವು. ಸೀರಮ್ ಬೆರೆಸಿದ ದ್ರವದಲ್ಲಿ ಕೆಲವೇ ದಿನ ಇದ್ದ ಭ್ರೂಣಗಳಿಂದ ಹುಟ್ಟಿದ ಕೆಲವು ಮರಿಗಳು ಅಸಹಜವಾಗಿ ದೊಡ್ಡವಾಗಿದ್ದು, ತಾಯಿಗೂ ಮರಿಗೂ ಕಷ್ಟವಾಯಿತು. ಬೆಳವಣಿಗೆಗೆ ಕಡಿವಾಣ ಹಾಕುವ ಒಂದು ಜೀನಿನ ಮೇಲಿರುವ ರಾಸಾಯನಿಕ ಗುರುತು ಅಂಥ ಮರಿಗಳಲ್ಲಿ ಅಳಿಸಿಹೋಗಿತ್ತೆಂದು ೨೦೦೧ರಲ್ಲಿ ಗೊತ್ತಾಯಿತು. ಕೆಲವು ದಿನದ ಊಟ ತಿಂಗಳುಗಳ ಮೇಲೆ ಬರೆ ಎಳೆಯಬಲ್ಲದು. ಮನುಷ್ಯರಲ್ಲಿ? ಹಾಲೆಂಡಿನ ಮಾಸ್ಟ್ರಿಕ್ಟ್ ನಗರದಲ್ಲಿ ಎರಡು ಬಗೆಯ ದ್ರವಗಳಲ್ಲಿ ಬೆಳೆದು ಒಂಟಿಯಾಗಿ ಹುಟ್ಟಿದ ಶಿಶುಗಳ ತೂಕವನ್ನು ಹೋಲಿಸಿ ೨೦೧೦ರಲ್ಲಿ ಪ್ರಕಟಿಸಿದರು. ವ್ಯತ್ಯಾಸ ಸುಮಾರು ೨೪೫ ಗ್ರಾಂ. ಆಕಸ್ಮಿಕವೆಂದರು ಕೆಲವರು. ಆಗ ೮೩೬ ದಂಪತಿಗಳನ್ನು ಚೀಟಿ ಎತ್ತಿದಂತೆ ಎರಡು ಪಂಗಡ ಮಾಡಿ ಪರೀಕ್ಷಿಸಿದರು. ೨೦೧೬ರಲ್ಲಿ ಬಂದ ಫಲಿತಾಂಶವನ್ನು ನಾನು ಎರಡು ಸಲ ಓದಿದೆ. ಹಳೆಯ ಸರಳ ದ್ರವಕ್ಕಿಂತ ಹೊಸ ದ್ರವದಲ್ಲಿ ಬೆಳೆದ ಭ್ರೂಣಗಳು ಗರ್ಭಕ್ಕೆ ಹೆಚ್ಚಾಗಿ ಅಂಟಿದವು. ಹುಟ್ಟಿದ ಕೂಸುಗಳು ಮಾತ್ರ ಸರಾಸರಿ ೧೫೮ ಗ್ರಾಂ ಹಗುರ. ಉತ್ತಮವಾದ ದ್ರವ ಯಾವುದೆಂದು ಈಗ ಹೇಳಿ ನೋಡೋಣ! ಬಸಿರು ನಿಲ್ಲಲೆಂದು ಹಂಬಲಿಸುವ ಹೆಂಗಸು ಒಂದನ್ನು ಆರಿಸಿಯಾಳು. ಅದೇ ಹೆಂಗಸು ತೊಟ್ಟಿಲ ಬಳಿ ನಿಂತು ಇನ್ನೊಂದನ್ನು ಆರಿಸಿಯಾಳು. ಆ ೧೫೮ ಗ್ರಾಂ ಮಗುವಿನ ಮುಂದಿನ ಆಯುಷ್ಯಕ್ಕೆ ಏನು ಮಾಡುವುದೆಂಬುದನ್ನು ಆ ಮಕ್ಕಳು ದೊಡ್ಡವರಾದ ಮೇಲೆ ನೋಡಬೇಕಷ್ಟೆ.

ವಿಟನ್ನನ ಕಾಲದಲ್ಲಿ ದ್ರವದ ಸೂತ್ರ ಯಾರು ಬೇಕಾದರೂ ಓದಬಹುದಾದ ಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. ಬ್ಯಾವಿಸ್ಟರ್, ಶೇಷಗಿರಿ, ಬಿಗರ್ಸ್ ಇವರದೂ ಹಾಗೆಯೇ. ಆದುದರಿಂದಲೇ ಒಬ್ಬನ ತಪ್ಪನ್ನು ಇನ್ನೊಬ್ಬ ತಿದ್ದಲು ಸಾಧ್ಯವಾಯಿತು. ಇಂದು ಆಸ್ಪತ್ರೆಗಳು ಬಳಸುವ ದ್ರವ ಬಹುಮಟ್ಟಿಗೆ ಕಂಪನಿಗಳಲ್ಲಿ ತಯಾರಾಗಿ ಸೀಸೆಯಲ್ಲಿ ಬರುತ್ತದೆ. ಸೀಸೆಯ ಜೊತೆಯ ಕಾಗದದಲ್ಲಿ ಪದಾರ್ಥಗಳ ಹೆಸರುಗಳಿರುತ್ತವೆ. ಪ್ರಮಾಣಗಳು ಸಾಮಾನ್ಯವಾಗಿ ವ್ಯಾಪಾರದ ಗುಟ್ಟು. ಗ್ಲೂಕೋಸ್ ಇದೆಯೆಂದು ತಿಳಿಯುತ್ತದೆ. ಎಷ್ಟಿದೆಯೆಂಬುದೇ ಮುಖ್ಯವೆಂದು ನಲವತ್ತು ವರ್ಷಗಳ ಪ್ರಯೋಗಗಳು ಹೇಳಿದ ಮೇಲೆ, ಅದನ್ನೊಂದು ಬಿಟ್ಟು ಉಳಿದುದನ್ನು ಹೇಳುವುದು ನನಗೆ ಸರಿಕಾಣದು. ಕಂಪನಿಗಳಿಗೂ ಖರ್ಚುಂಟು, ಪೈಪೋಟಿಯುಂಟು, ಬಲ್ಲೆ. ಆದರೂ ಹಾಲಿನ ಡಬ್ಬಿಯ ಮೇಲೆ ಬರೆಯುವಷ್ಟನ್ನು ಇದರ ಮೇಲೆ ಬರೆಯಲಾಗದೇ?

ಎರಡನೆಯ ಸಲ ಬಸಿರು ನಿಂತಿತು. ಹೆಣ್ಣು ಕೂಸು, ಎರಡೂಮುಕ್ಕಾಲು ಕಿಲೊ. ನಾಮಕರಣದ ಮರುದಿನ ಅಕ್ಕ ನನ್ನನ್ನು ಕರೆದು, “ಅದೆಲ್ಲ ಓದಿದೆಯಲ್ಲ, ನಮ್ಮ ಕೂಸಿಗೆ ಕೊಟ್ಟಿದ್ದು ಯಾವುದು ಅಂತ ಕೇಳಿ ಬರೆದಿಡು” ಎಂದಳು. ಸೊಸೆಯ ಒಪ್ಪಿಗೆ ಪಡೆದು ಆಸ್ಪತ್ರೆಗೆ ಪತ್ರ ಬರೆದೆ. ಮೂರು ವಾರಕ್ಕೆ ಸೌಜನ್ಯದ ಉತ್ತರವೂ ದ್ರವದ ಹೆಸರೂ ಪದಾರ್ಥಗಳ ಪಟ್ಟಿಯೂ ಬಂದವು. ನಾನು ಒಂದೊಂದನ್ನೂ ಓದಿ ಹೇಳಿದೆ: ಉಪ್ಪು, ಪೈರುವೇಟ್, ಲ್ಯಾಕ್ಟೇಟ್, ಗ್ಲೂಕೋಸ್, ಹೀಗೆ. ಅಕ್ಕ ಸಸಿಚೀಲಕ್ಕೆ ಮಣ್ಣು ತುಂಬುತ್ತ ಕೇಳುತ್ತಿದ್ದವಳು ಕೈ ನಿಲ್ಲಿಸಿದಳು.

“ಎಷ್ಟೆಷ್ಟು?”

“ಅದನ್ನು ಬರೆದಿಲ್ಲ.”

ಆಕೆ ಕೈ ತೊಳೆದುಕೊಂಡು ಬಂದು ಆ ಕಾಗದವನ್ನು ತೆಗೆದುಕೊಂಡಳು. ಪ್ರತಿ ಹೆಸರಿನ ಮುಂದೆಯೂ ಒಂದೊಂದು ಅಂಕಿ ಹಿಡಿಯುವಷ್ಟು ಜಾಗವನ್ನು ನನ್ನ ಪೆನ್ಸಿಲಿನಿಂದ ಗೆರೆ ಹೊಡೆಸಿ ಬಿಡಿಸಿದಳು. ಆಮೇಲೆ ಅದನ್ನು ನಾಲ್ಕು ಮಡಿಕೆ ಮಾಡಿ, ಕೂಸಿನ ಜಾತಕವಿರುವ ತಗಡಿನ ಪೆಟ್ಟಿಗೆಯಲ್ಲಿಟ್ಟಿದ್ದಾಳೆ.